ಸತ್ತಿದ್ದಳೋ, ಸಾಯುತ್ತಿದ್ದಳೋ?

ಧರ್ಮಸಭೆಯ ಪೂಜಾವಿಧಿಯ ಪಂಚಾಂಗವು ಕೆಲವೊಮ್ಮೆ ನಮ್ಮಂಥ ಧರ್ಮಗುರುಗಳನ್ನು ಪೇಚಿಗೆ ಸಿಲುಕಿಸುತ್ತದೆ. 2024ರ ಜೂನ್ 30 ಸಾಧಾರಣ ಕಾಲದ ಹದಿಮೂರನೆಯ ಭಾನುವಾರವಾಗಿತ್ತು. ಅಂದಿನ ಶುಭಸಂದೇಶ ವಾಚನವನ್ನು ಸಂತ ಮಾರ್ಕರ ಐದನೆಯ ಅಧ್ಯಾಯದಿಂದ ಆರಿಸಲಾಗಿತ್ತು. ಪ್ರಾರ್ಥನಾಮಂದಿರದ ಅಧಿಕಾರಿಯಾದ ಯಾಯೀರನು ಯೇಸುಸ್ವಾಮಿಯ ಪಾದಕ್ಕೆ ಬಿದ್ದು, ತನ್ನ ಪುಟ್ಟ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಬಂದು ಕೈಯಿಟ್ಟು ಉಳಿಸಬೇಕು ಎಂದು ಬೇಡಿಕೊಳ್ಳುತ್ತಾನೆ. ಸರಿಯಾಗಿ ಎಂಟು ದಿನಗಳ ಬಳಿಕ, ಜುಲೈ 8ರ ಸೋಮವಾರದಂದು, ಸಂತ ಮತ್ತಾಯರ ಒಂಬತ್ತನೆಯ ಅಧ್ಯಾಯವನ್ನು ಓದಬೇಕಾಗಿತ್ತು. ಅದೇ ತಂದೆ, ಅದೇ ಮಗಳು, ದಾರಿಯ ನಡುವೆ ಅದೇ ರಕ್ತಸ್ರಾವದ ಹೆಂಗಸು. ಆದರೆ ಇಲ್ಲಿ ತಂದೆ ಬಂದು ಹೇಳುವ ಮೊದಲ ಮಾತೇ ಮಗಳು ಈಗತಾನೇ ತೀರಿಕೊಂಡಳು ಎಂಬುದಾಗಿದೆ.

ವಾರದ ದಿನಗಳ ಬಲಿಪೂಜೆಗೆ ನಮ್ಮ ಧರ್ಮಕೇಂದ್ರದಲ್ಲಿ ಇಪ್ಪತ್ತೋ ಇಪ್ಪತ್ತೈದೋ ಮಂದಿ ಬರುತ್ತಾರೆ. ಎಂಟು ದಿನಗಳ ಹಿಂದೆ ಕೇಳಿದ್ದನ್ನು ನೆನಪಿಟ್ಟುಕೊಂಡು ಹೋಲಿಸಿ ನೋಡುವವರು ವಿರಳ. ಅಂದು ಒಬ್ಬ ತಾಯಿ ನೆನಪಿಟ್ಟುಕೊಂಡಿದ್ದರು. ಪೂಜೆ ಮುಗಿಸಿ ನಾನು ಹೊರಬರುವಾಗ ಬಾಗಿಲ ಬಳಿ ನಿಂತಿದ್ದ ಅವರು ಕೇಳಿದರು: "ಫಾದರ್, ಆಚೆ ಭಾನುವಾರ ಓದಿದ್ದರಲ್ಲಿ ಆ ಅಪ್ಪ ಹೊರಟಾಗ ಮಗು ಜೀವದಿಂದಿತ್ತು. ಇವತ್ತು ಓದಿದ್ದರಲ್ಲಿ ಮೊದಲೇ ಸತ್ತಿತ್ತು. ಯಾವುದು ನಿಜ?"

ಆ ತಾಯಿ ಯಾರೆಂಬುದು ನನಗೆ ಗೊತ್ತಿತ್ತು. ಅದಕ್ಕೂ ಹತ್ತು ತಿಂಗಳ ಹಿಂದೆ ಅವರ ಹನ್ನೊಂದು ವರ್ಷದ ಮಗಳ ಅಂತ್ಯಸಂಸ್ಕಾರವನ್ನು ನಾನೇ ನೆರವೇರಿಸಿದ್ದೆ. ಆದರೂ ಪ್ರಶ್ನೆ ಕಿವಿಗೆ ಬಿದ್ದೊಡನೆ ನನ್ನೊಳಗಿನ ಗುರುಮಠದ ವಿದ್ಯಾರ್ಥಿ ಎಚ್ಚರಗೊಂಡ. ಉತ್ತರ ನನ್ನ ಬಳಿ ಸಿದ್ಧವಾಗಿತ್ತು. ಮೊದಲು ಆ ಉತ್ತರವನ್ನೇ ನಿಮ್ಮ ಮುಂದಿಡುತ್ತೇನೆ. ಏಕೆಂದರೆ ಅದು ಸುಳ್ಳಲ್ಲ.

ಮೂರು ಶುಭಸಂದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಇದೊಂದೇ ಅಲ್ಲವೆಂದು ತಿಳಿಯುತ್ತದೆ. ಮಾರ್ಕರು ಈ ಘಟನೆಗೆ 23 ವಚನಗಳನ್ನು ಮೀಸಲಿಟ್ಟಿದ್ದರೆ ಮತ್ತಾಯರು ಕೇವಲ 9 ವಚನಗಳಲ್ಲಿ ಮುಗಿಸುತ್ತಾರೆ. ಮತ್ತಾಯರಲ್ಲಿ ತಂದೆಯ ಹೆಸರಿಲ್ಲ, ಮಗಳ ವಯಸ್ಸಿಲ್ಲ, ದಾರಿಯಲ್ಲಿ ಸಾವಿನ ಸುದ್ದಿ ತರುವವರಿಲ್ಲ, ಒಳಗೆ ಕರೆದೊಯ್ದ ಪೇತ್ರ, ಯಕೋಬ, ಯೊವಾನ್ನರ ಉಲ್ಲೇಖವಿಲ್ಲ, ಮಾರ್ಕರು ಜತನದಿಂದ ಉಳಿಸಿಕೊಂಡಿರುವ ಯೇಸುವಿನ ಅರಮಾಯ ಭಾಷೆಯ ನುಡಿಯೂ ಇಲ್ಲ. ಇದನ್ನು ಯಾರಿಗೂ ತಿಳಿಸಬಾರದೆಂದು ಸ್ವಾಮಿ ಕಟ್ಟಪ್ಪಣೆ ಮಾಡಿದರೆಂದು ಮಾರ್ಕರು ಮತ್ತು ಲೂಕರು ಬರೆದರೆ, ಸುದ್ದಿ ನಾಡೆಲ್ಲ ಹಬ್ಬಿತೆಂದು ಮತ್ತಾಯರು ಬರೆಯುತ್ತಾರೆ. ಅತ್ತ ಮತ್ತಾಯರಲ್ಲಿ ಮಾತ್ರ ಸಾವಿನ ಮನೆಯ ಕೊಳಲೂದುವವರು ಕಾಣಿಸುತ್ತಾರೆ. ಕಡುಬಡವನೂ ಹೆಂಡತಿಯ ಶವಸಂಸ್ಕಾರಕ್ಕೆ ಇಬ್ಬರು ಕೊಳಲೂದುವವರನ್ನೂ ಒಬ್ಬ ಅಳುವ ಹೆಂಗಸನ್ನೂ ಕರೆಸಬೇಕೆಂಬ ಯೆಹೂದ್ಯರ ವಾಡಿಕೆ ಮಿಷ್ನಾ ಗ್ರಂಥದಲ್ಲಿ ದಾಖಲಾಗಿದೆ. ಆ ವಾಡಿಕೆ ಬಲ್ಲ ಓದುಗರಿಗಾಗಿ ಮತ್ತಾಯರು ಬರೆಯುತ್ತಿದ್ದರು.

ಇಂಥ ವ್ಯತ್ಯಾಸಗಳು ಬೇರೆ ಅದ್ಭುತಗಳಲ್ಲೂ ಇವೆ. ಕಫೆರ್ನವುಮಿನ ಶತಾಧಿಪತಿ ಮತ್ತಾಯರ ಪ್ರಕಾರ ತಾನೇ ಬಂದು ಬೇಡುತ್ತಾನೆ. ಲೂಕರ ಪ್ರಕಾರ ಮೊದಲು ಯೆಹೂದ್ಯ ಹಿರಿಯರನ್ನು, ಬಳಿಕ ಗೆಳೆಯರನ್ನು ಕಳುಹಿಸುತ್ತಾನೆ. ಜೆರಿಕೊ ಪಟ್ಟಣದಲ್ಲಿ ದೃಷ್ಟಿ ಪಡೆದವರು ಮತ್ತಾಯರಲ್ಲಿ ಇಬ್ಬರು. ಮಾರ್ಕರಲ್ಲಿ ಬಾರ್ತಿಮಾಯನೆಂಬ ಒಬ್ಬ. ಲೂಕರಲ್ಲಿ ಹೆಸರಿಲ್ಲದ ಒಬ್ಬ. ಅದು ನಡೆದದ್ದು ಮೊದಲಿಬ್ಬರ ಪ್ರಕಾರ ಸ್ವಾಮಿ ಪಟ್ಟಣವನ್ನು ಬಿಟ್ಟು ಹೊರಡುವಾಗ, ಲೂಕರ ಪ್ರಕಾರ ಪಟ್ಟಣವನ್ನು ಸಮೀಪಿಸುವಾಗ.

ಇವನ್ನೆಲ್ಲ ಮೊದಲು ಕಂಡುಹಿಡಿದವರು ನಮ್ಮ ಕಾಲದ ನಾಸ್ತಿಕರೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಸುಮಾರು 170ರ ಹೊತ್ತಿಗೆ ತಾತಿಯನ್ ಎಂಬ ಪಂಡಿತನು ನಾಲ್ಕು ಶುಭಸಂದೇಶಗಳನ್ನೂ ಹೆಣೆದು ಒಂದೇ ಕಥನವನ್ನಾಗಿಸಿದನು. 'ದಿಯಾತೆಸ್ಸರೋನ್' ಎಂಬ ಆ ಗ್ರಂಥವನ್ನು ಸಿರಿಯಾದ ಕ್ರೈಸ್ತರು ತಲೆಮಾರುಗಳ ಕಾಲ ಆರಾಧನೆಯಲ್ಲಿ ಓದುತ್ತಿದ್ದರು. ಆದರೆ ಐದನೆಯ ಶತಮಾನದಲ್ಲಿ ಸೀರುಸ್ ಪಟ್ಟಣದ ಧರ್ಮಾಧ್ಯಕ್ಷ ಥಿಯೊಡೊರೆತರು ತಮ್ಮ ಸೀಮೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಅವುಗಳ ಜಾಗದಲ್ಲಿ ನಾಲ್ಕು ಶುಭಸಂದೇಶಗಳನ್ನು ಇರಿಸಿದರು. ಯೋಚಿಸಿರಿ: ಒಂದೇ ನುಣುಪಾದ ಕಥೆ ಧರ್ಮಸಭೆಯ ಕೈಯಲ್ಲಿತ್ತು. ಅದನ್ನು ಬಿಟ್ಟು, ಒಂದಕ್ಕೊಂದು ಪೂರ್ತಿ ಹೊಂದದ ನಾಲ್ಕನ್ನು ಅದು ಉಳಿಸಿಕೊಂಡಿತು. ವ್ಯತ್ಯಾಸಗಳಿಗೆ ಹೆದರುವವರು ಹೀಗೆ ಮಾಡುತ್ತಿರಲಿಲ್ಲ.

ಯಾಯೀರನ ಮಗಳ ವಿಷಯಕ್ಕೆ ಬಂದರೆ, ಸಂತ ಯೊವಾನ್ನ ಕ್ರಿಸೊಸ್ತೊಮರು ಎರಡು ಕಾರಣಗಳನ್ನು ಊಹಿಸುತ್ತಾರೆ. ಸಂಕಟದಲ್ಲಿರುವವರು ತಮ್ಮ ಕಷ್ಟವನ್ನು ಹಿಗ್ಗಿಸಿ ಹೇಳುವುದು ಸಹಜ. ಇಲ್ಲವೇ, ತಾನು ಹೊರಟು ಬಂದ ಇಷ್ಟು ಹೊತ್ತಿಗೆ ಮಗಳು ಸತ್ತೇಹೋಗಿರಬೇಕೆಂದು ತಂದೆ ಎಣಿಸಿರಬಹುದು. ಸುಮಾರು 400ರಲ್ಲಿ ಶುಭಸಂದೇಶಕಾರರ ಹೊಂದಾಣಿಕೆಯ ಕುರಿತೇ ಒಂದು ಗ್ರಂಥ ಬರೆದ ಸಂತ ಅಗಸ್ಟೀನರ ಅಭಿಪ್ರಾಯವೂ ಇದಕ್ಕೆ ಹತ್ತಿರವಾಗಿದೆ: ಮತ್ತಾಯರು ತಂದೆಯ ಬಾಯಿಯ ಮಾತನ್ನಲ್ಲ, ಮನಸ್ಸಿನ ಮಾತನ್ನು ಬರೆದರು. ಆ ನತದೃಷ್ಟನು ಮಗಳನ್ನು ಮತ್ತೆ ಜೀವಸಹಿತ ಕಾಣುವ ಆಸೆಯನ್ನು ಬಿಟ್ಟೇ ಬಂದಿದ್ದನು.

ಇದಕ್ಕಿಂತ ಸರಳವಾದ ವಿವರಣೆಯೊಂದನ್ನು ಗುರುಮಠದಲ್ಲಿ ನಾವು ಕಲಿತೆವು. ಮತ್ತಾಯರು ಅದ್ಭುತಗಳನ್ನು ಹೇಳುವಾಗ ಸಾಮಾನ್ಯವಾಗಿ ಸಂಕ್ಷೇಪಿಸುತ್ತಾರೆ. ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಬಿಚ್ಚಿ ಇಳಿಸಿದ ವಿವರವನ್ನು ಅವರು ಕೈಬಿಟ್ಟಿದ್ದಾರೆ. ದೆವ್ವಗಳು ಹಂದಿಗಳ ಹಿಂಡನ್ನು ಹೊಕ್ಕ ಪ್ರಸಂಗ ಮಾರ್ಕರಲ್ಲಿ 20 ವಚನಗಳಾದರೆ ಅವರಲ್ಲಿ 7. ನಡುವಿನ ಮಂದಿಯನ್ನು ಸರಿಸಿ, ಬೇಡುವವನನ್ನು ನೇರವಾಗಿ ಸ್ವಾಮಿಯ ಎದುರು ನಿಲ್ಲಿಸುವುದು ಅವರ ರೀತಿ. ಶತಾಧಿಪತಿಯ ಗೆಳೆಯರು ಮರೆಯಾದದ್ದೂ ಯಾಯೀರನ ಮನೆಯ ದೂತರು ಮರೆಯಾದದ್ದೂ ಒಂದೇ ಕಾರಣಕ್ಕೆ. ದೂತರನ್ನು ತೆಗೆದ ಮೇಲೆ ಅವರು ತಂದ ಸುದ್ದಿ ತಂದೆಯ ಬಾಯಿಗೇ ಬರಬೇಕಾಯಿತು. ಆ ಕಾಲದ ಚರಿತ್ರೆಕಾರರಲ್ಲಿ ಇದು ಅಪರೂಪವಲ್ಲ. ಮಹಾಪುರುಷರ ಜೀವನಗಳನ್ನು ಬರೆದ ಪ್ಲುಟಾರ್ಕನೂ ಘಟನೆಗಳನ್ನು ಹೀಗೆ ಕುಗ್ಗಿಸಿ ಹೇಳಿದ್ದಾನೆ. ಎರಡನೆಯ ಶತಮಾನದ ಧರ್ಮಾಧ್ಯಕ್ಷ ಪಾಪಿಯಾಸರಂತೂ, ಮಾರ್ಕರು ಪೇತ್ರರ ನೆನಪುಗಳನ್ನು ನಿಷ್ಠೆಯಿಂದ ಬರೆದರು, ಆದರೆ ಅನುಕ್ರಮವಾಗಿ ಅಲ್ಲ ಎಂಬ ಮಾತನ್ನು ಯಾವ ಮುಜುಗರವೂ ಇಲ್ಲದೆ ದಾಖಲಿಸಿದ್ದಾರೆ.

ಧರ್ಮಸಭೆಯ ಅಧಿಕೃತ ಬೋಧನೆಯೂ ಇದೇ ದಾರಿಯಲ್ಲಿದೆ. ಪವಿತ್ರ ಗ್ರಂಥದ ಸಾಹಿತ್ಯ ಪ್ರಕಾರಗಳನ್ನು ಅರಿತು ಓದಬೇಕೆಂದು 1943ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಕಲಿಸಿದರು. ಯೇಸುವಿನ ಬದುಕು, ಪ್ರೇಷಿತರ ಬೋಧನೆ, ಶುಭಸಂದೇಶಕಾರರ ಬರವಣಿಗೆ ಎಂಬ ಮೂರು ಹಂತಗಳನ್ನು 1964ರಲ್ಲಿ ಬೈಬಲ್ ಆಯೋಗವು ವಿವರಿಸಿತು. 1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವ ಪ್ರಕಟಣೆಯ ಕುರಿತ ತನ್ನ ಸಂವಿಧಾನದಲ್ಲಿ ಇದನ್ನು ಸ್ವೀಕರಿಸಿತು. ಶುಭಸಂದೇಶಕಾರರು ಕೆಲವನ್ನು ಆಯ್ದರು, ಕೆಲವನ್ನು ಸಂಗ್ರಹಿಸಿದರು, ಕೆಲವನ್ನು ತಮ್ಮ ತಮ್ಮ ಸಭೆಗಳ ಸ್ಥಿತಿಗತಿಗೆ ತಕ್ಕಂತೆ ವಿವರಿಸಿದರು. ಆದರೆ ಯೇಸುವಿನ ಕುರಿತ ಸತ್ಯವನ್ನೇ ಹೇಳಿದರು. ಧರ್ಮಗ್ರಂಥವು ತಪ್ಪಿಲ್ಲದೆ ಕಲಿಸುವುದು ನಮ್ಮ ರಕ್ಷಣೆಗಾಗಿ ದೇವರು ಬಯಸಿದ ಸತ್ಯವನ್ನು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಗುರುದೀಕ್ಷೆಯಾದ ಹೊಸತರಲ್ಲಿ ಬೈಬಲ್ ತರಗತಿಗೆ ಬರುತ್ತಿದ್ದ ಯುವಕನೊಬ್ಬ ಜೆರಿಕೊದ ಕುರುಡರ ಬಗ್ಗೆ ಕೇಳಿದ. ಹಳೆಯ ಜೆರಿಕೊ ಮತ್ತು ಹೆರೋದನ ಅರಮನೆಗಳಿದ್ದ ಹೊಸ ಜೆರಿಕೊ ಎಂದು ಎರಡಿದ್ದವು, ಒಂದನ್ನು ಬಿಟ್ಟು ಇನ್ನೊಂದನ್ನು ಸಮೀಪಿಸುವಾಗ ಅದು ನಡೆಯಿತು ಎಂದೆ. ಎರಡರ ನಡುವೆ ಸುಮಾರು 2 ಕಿಲೋಮೀಟರ್ ಅಂತರವಿರುವುದೇನೋ ನಿಜ. ಆದರೆ ಅವನು ಸುಮ್ಮನಾಗಲಿಲ್ಲ. "ಜಾಗ ಎರಡಾಯಿತು ಫಾದರ್, ಕುರುಡರ ಲೆಕ್ಕ?" ಎಂದ. ಪ್ರಶ್ನೆ ಕಡಿಮೆ ಮಾಡಿ ವಿಶ್ವಾಸ ಹೆಚ್ಚಿಸಿಕೋ ಎಂದು ನಾನು ಗದರಿದೆ. ಮುಂದಿನ ವಾರದಿಂದ ಅವನು ಬರಲಿಲ್ಲ. ಅವನನ್ನು ತರಗತಿಯಿಂದ ಹೊರಗಟ್ಟಿದ್ದು ಬೈಬಲಿನ ವ್ಯತ್ಯಾಸವಲ್ಲ, ನನ್ನ ತೇಪೆ. ಬಾರ್ತಿಮಾಯನು ಆದಿ ಕ್ರೈಸ್ತರಿಗೆ ಪರಿಚಿತನಾಗಿದ್ದರಿಂದ ಅವನ ಹೆಸರು ಉಳಿದಿರಬಹುದು; ಮತ್ತಾಯರು ಇಬ್ಬರೆಂದು ಏಕೆ ಬರೆದರೆಂಬುದು ನನಗೆ ಖಚಿತವಾಗಿ ತಿಳಿಯದು. ಅಂದು ಇಷ್ಟನ್ನೇ ಹೇಳಿದ್ದರೆ ಸಾಕಾಗಿತ್ತು.

ಹೀಗೆ ಪಾಠ ಕಲಿತಿದ್ದ ನಾನು ಆ ಸೋಮವಾರ ತೇಪೆ ಹಾಕಲಿಲ್ಲ. ಮತ್ತಾಯರ ಸಂಕ್ಷೇಪದ ರೀತಿಯನ್ನು ಆ ತಾಯಿಗೆ ತಿಳಿಯುವಂತೆ ಹತ್ತು ನಿಮಿಷ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು:

"ಅದಲ್ಲ ಫಾದರ್. ನಮ್ಮ ಯಜಮಾನರು ನಿಮ್ಮನ್ನ ಕರೆಯೋಕೆ ಹೊರಟಾಗ ಮಗು ಜೀವದಿಂದಿತ್ತು. ಎರಡು ಕಿಲೋಮೀಟರ್ ದಾರಿ. ಹೋದವರು ಬರೋಕೆ ಒಂದು ಗಂಟೆ ಮಾಡಿದರು. ಎಲ್ಲಿ ನಿಂತಿದ್ದಿರಿ ಅಂತ ಎಷ್ಟು ಸಲ ಕೇಳಿದರೂ ಇವತ್ತಿನವರೆಗೆ ಉತ್ತರ ಇಲ್ಲ. ಆ ಯಾಯೀರನೂ ದಾರಿಯಲ್ಲಿ ತಡ ಮಾಡಿದನಾ, ಅದಕ್ಕೇ ಮಗು ಹೋಯಿತಾ, ಅದನ್ನ ಕೇಳೋಣ ಅಂತ ಬಂದೆ."

ಓದುಗರೇ, ಅವರ ಗಂಡ ಎಲ್ಲಿ ನಿಂತಿದ್ದರೆಂಬುದು ನನಗೆ ಗೊತ್ತಿತ್ತು. ಅವರು ನಮ್ಮ ಗುರುಮನೆಯ ಜಗಲಿಯ ಮೇಲೆ ನಿಂತಿದ್ದರು. 2023ರ ಆಗಸ್ಟ್ ತಿಂಗಳ ಕೊನೆಯ ದಿನಗಳವು. ಮಾತೆ ಮರಿಯಮ್ಮನವರ ಜನ್ಮೋತ್ಸವದ ಸಿದ್ಧತೆಗಾಗಿ ಒಳಗೆ ಸಭೆ ನಡೆಯುತ್ತಿತ್ತು. ದೀಪಾಲಂಕಾರದವನ ಲೆಕ್ಕದ ಮೇಲೆ ಮಾತಿಗೆ ಮಾತು ಬೆಳೆದಿತ್ತು. ಅವರು ಬಂದು, ಮಗಳಿಗೆ ತುಂಬ ಜೋರಾಗಿದೆ, ತೈಲಲೇಪನ ಮಾಡಬೇಕು ಎಂದಾಗ ನಾನು "ಹತ್ತೇ ನಿಮಿಷ, ಬಂದೆ" ಎಂದೆ. ಆ ಹತ್ತು ನಿಮಿಷ ನಲವತ್ತೈದು ನಿಮಿಷವಾಯಿತು. ಅವರು ಎರಡನೆಯ ಸಲ ಬಾಗಿಲು ತಟ್ಟಲಿಲ್ಲ. ಬಡಗಿ ಕೆಲಸದ ಮನುಷ್ಯ, ಹಿರಿಯರ ಸಭೆಯ ನಡುವೆ ಬರಲು ಸಂಕೋಚ ಪಟ್ಟರು. ನಾವು ಆಸ್ಪತ್ರೆ ತಲುಪುವ ಕಾಲು ಗಂಟೆ ಮೊದಲು ಮಗು ಕಣ್ಣು ಮುಚ್ಚಿತ್ತು. ಆ ಬಳಿಕ ಅವರು ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದ್ದರು. ದುಃಖದಿಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ತಡವಾದದ್ದು ಯಾರಿಂದ ಎಂಬುದನ್ನು ಅವರು ಹೆಂಡತಿಗೂ ಹೇಳಿರಲಿಲ್ಲವೆಂಬುದು ನನಗೆ ತಿಳಿದದ್ದು ಆ ಸೋಮವಾರವೇ. ಹತ್ತು ತಿಂಗಳು ನನ್ನ ತಪ್ಪನ್ನು ಆ ಮನುಷ್ಯ ತನ್ನ ಹೆಗಲ ಮೇಲೆ ಹೊತ್ತಿದ್ದರು.

ಬಾಗಿಲ ಬಳಿ ನನ್ನಿಂದ ಮಾತು ಹೊರಡಲಿಲ್ಲ. ಸಂಜೆ ಮನೆಗೆ ಬರುತ್ತೇನೆಂದಷ್ಟೇ ಹೇಳಿದೆ. ಕೋಣೆಗೆ ಹೋಗಿ ಎರಡೂ ವಾಚನಗಳನ್ನು ತೆರೆದು ಕುಳಿತೆ. ಇಪ್ಪತ್ತೈದು ವರ್ಷಗಳಿಂದ ಅವುಗಳ ಮೇಲೆ ಪ್ರಬೋಧನೆ ಮಾಡುತ್ತಾ ಬಂದವನು ಅಂದು ಮೊದಲ ಬಾರಿಗೆ ಅವನ್ನು ಆ ತಂದೆ ನಿಂತ ಜಾಗದಲ್ಲಿ ನಿಂತು ಓದಿದೆ.

ಮಾರ್ಕರ ಕಥನದಲ್ಲಿ ಯಾಯೀರನು ತಡಮಾಡುವುದಿಲ್ಲ. ಸಕಾಲಕ್ಕೆ ಬಂದು ಬೇಡುತ್ತಾನೆ. ತಡವಾಗುವುದು ಸ್ವಾಮಿ ನಿಂತದ್ದರಿಂದ. ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳಿದ, ವೈದ್ಯರಿಗೆ ಇದ್ದದ್ದನ್ನೆಲ್ಲ ಸುರಿದ ಹೆಂಗಸೊಬ್ಬಳು ಉಡುಪನ್ನು ಮುಟ್ಟುತ್ತಾಳೆ. ಮುಟ್ಟಿದವರು ಯಾರೆಂದು ಸ್ವಾಮಿ ಗುಂಪಿನಲ್ಲಿ ಹುಡುಕುತ್ತಾ ನಿಲ್ಲುತ್ತಾರೆ. ಅವಳ ಕಥೆಯನ್ನೆಲ್ಲ ಕೇಳುತ್ತಾರೆ. ಅಷ್ಟು ಹೊತ್ತೂ ಯಾಯೀರ ಅಲ್ಲೇ ನಿಂತಿದ್ದಾನೆ. ಆ ನಿಲುವಿನ ಬಗ್ಗೆ ಮಾರ್ಕರು ಒಂದು ಮಾತನ್ನೂ ಬರೆದಿಲ್ಲ. ಆಗ ಮನೆಯಿಂದ ಸುದ್ದಿ ಬರುತ್ತದೆ. ಹೆದರಬೇಡ, ವಿಶ್ವಾಸವೊಂದಿರಲಿ ಎಂದು ಸ್ವಾಮಿ ಅವನಿಗೆ ಧೈರ್ಯ ಹೇಳುವುದು ಆಮೇಲೆ. ಸಕಾಲದಲ್ಲಿ ಬೇಡಿಯೂ ಉತ್ತರ ತಡವಾದವರಿಗಾಗಿ ಈ ಕಥನ ಇದೆ. ದೂತರನ್ನು ತೆಗೆದುಹಾಕಿದರೆ ಈ ಕಾಯುವಿಕೆಯೇ ಇಲ್ಲವಾಗುತ್ತದೆ.

ಮತ್ತಾಯರ ತಂದೆಗೆ ಕಾಯುವುದಕ್ಕೆ ಏನೂ ಉಳಿದಿಲ್ಲ. ಎಲ್ಲ ಮುಗಿದ ಮೇಲೆ ಅವನು ಬರುತ್ತಾನೆ. ಬೇಡುವ ಹೊತ್ತು ಮೀರಿದೆ ಎಂದು ಲೋಕ ಹೇಳುವಾಗ ಬೇಡುತ್ತಾನೆ. ಬಹುಪಾಲು ವಿದ್ವಾಂಸರ ಎಣಿಕೆಯಂತೆ ಮತ್ತಾಯರ ಶುಭಸಂದೇಶ ರೂಪುಗೊಂಡದ್ದು ಸುಮಾರು 80ರಿಂದ 90ರ ನಡುವೆ. ಅದನ್ನು ಮೊದಲು ಕೇಳಿದ ಮನೆಗಳಲ್ಲಿ ಮಕ್ಕಳನ್ನು ಮಣ್ಣು ಮಾಡಿ ಬಂದ ತಂದೆತಾಯಿಯರು ಇದ್ದೇ ಇದ್ದರು. ಹುಡುಗಿ ಎದ್ದಳು ಎನ್ನಲು ಮತ್ತಾಯರು ಬಳಸಿದ ಗ್ರೀಕ್ ಕ್ರಿಯಾಪದವನ್ನೇ, ಬರಿದಾದ ಸಮಾಧಿಯ ಬಳಿ ದೇವದೂತನು ಯೇಸುವಿನ ಪುನರುತ್ಥಾನವನ್ನು ಸಾರುವಾಗಲೂ ಬಳಸುತ್ತಾರೆ. ಅವರು ಆ ತಂದೆತಾಯಿಯರಿಗಾಗಿ ಬರೆದರು. ಇನ್ನು, ಹುಡುಗಿ ನಿದ್ರಿಸುತ್ತಿದ್ದಾಳೆಂದು ಸ್ವಾಮಿ ಹೇಳುವುದನ್ನೂ ಜನ ನಗುವುದನ್ನೂ ಮೂವರೂ ಬಿಟ್ಟಿಲ್ಲ. ನಾವು ಸಿಮಿತ್ರಿ ಎಂದು ಕರೆಯುವ ಮಾತಿನ ಮೂಲ ಗ್ರೀಕ್ ಪದಕ್ಕೆ ಮಲಗುವ ಸ್ಥಳವೆಂದೇ ಅರ್ಥ.

ಆದ್ದರಿಂದ ಎರಡೂ ಕಥನಗಳು ಬೇಕು. ಒಂದನ್ನು ಇನ್ನೊಂದರೊಳಗೆ ಕರಗಿಸಿದರೆ ಇಬ್ಬರು ತಂದೆಯರಲ್ಲಿ ಒಬ್ಬ ಹೊರಗುಳಿಯುತ್ತಾನೆ. ತಾತಿಯನನ ಒಂದೇ ಪುಸ್ತಕವನ್ನು ಧರ್ಮಸಭೆ ಏಕೆ ಬದಿಗಿಟ್ಟಿತೆಂಬುದು, ಗುರುಮಠದಲ್ಲಿ ಪರೀಕ್ಷೆಗಾಗಿ ಓದಿದ್ದು, ಅಂದು ಹೊಟ್ಟೆಗೆ ಇಳಿಯಿತು.

ಸಂಜೆ ಅವರ ಮನೆಗೆ ಹೋದೆ. ಗಂಡಹೆಂಡತಿ ಇಬ್ಬರೂ ಇದ್ದರು. ಗೋಡೆಯ ಮೇಲೆ ಮಗಳ ಪ್ರಥಮ ಪರಮಪ್ರಸಾದದ ದಿನದ ಚಿತ್ರವಿತ್ತು. ನಾನು ಪೀಠಿಕೆ ಹಾಕಲಿಲ್ಲ. ಆ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ನನ್ನದು, ಅವರದಲ್ಲ ಎಂದು ಹೇಳಿದೆ. ಯೇಸುಸ್ವಾಮಿ ದಾರಿಯಲ್ಲಿ ನಿಂತದ್ದು ನೊಂದ ಹೆಣ್ಣೊಬ್ಬಳಿಗಾಗಿ, ನಾನು ನಿಂತದ್ದು ದೀಪದ ಸರಗಳ ಲೆಕ್ಕಕ್ಕಾಗಿ. ಆ ಕಥೆಯಿಂದ ನನಗೆ ಯಾವ ಸಮರ್ಥನೆಯೂ ಸಿಗದು ಎಂದು ಹೇಳಿ ಇಬ್ಬರ ಕ್ಷಮೆ ಕೇಳಿದೆ.

ತಾಯಿ ಗಂಡನ ಮುಖವನ್ನೇ ನೋಡುತ್ತಿದ್ದರು. "ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಅವರು ಬಹಳ ಹೊತ್ತಿನ ಮೇಲೆ ಉತ್ತರಿಸಿದರು: "ನಾನಂತೂ ಗುಡಿಗೆ ಹೋಗೋದು ಬಿಟ್ಟೆ. ಹೇಳಿದರೆ ನೀನೂ ಬಿಡುತ್ತಿದ್ದೆ. ಮಗುವಿಗೋಸ್ಕರ ಬೇಡೋರು ಒಬ್ಬರಾದರೂ ಬೇಡವಾ?"

ಆ ಮನೆಯಲ್ಲಿ ಮಗು ಎದ್ದು ಕೂರಲಿಲ್ಲ. ಯಾಯೀರನ ಮಗಳು ಎದ್ದಳು, ಇವರ ಮಗಳು ಏಕೆ ಏಳಲಿಲ್ಲವೆಂಬ ಪ್ರಶ್ನೆಗೆ ಯಾವ ಗುರುಮಠವೂ ನನಗೆ ಉತ್ತರ ಕಲಿಸಿಲ್ಲ, ಕಲಿಸಿದೆಯೆಂದು ನಟಿಸಲಾರೆ. ತಾಯಿ ಒಳಗೆ ಹೋಗಿ ಅತ್ತರು. ಆಮೇಲೆ ಕಾಫಿ ತಂದಿಟ್ಟರು. ಹೊರಡುವ ಮೊದಲು ಪ್ರಾರ್ಥನೆ ಮಾಡಲೇ ಎಂದು ಕೇಳಿದಾಗ ಗಂಡ, "ಇವತ್ತು ಬೆಳಿಗ್ಗೆ ಓದಿದಿರಂತಲ್ಲ, ಮೊದಲೇ ಸತ್ತಿತ್ತು ಅನ್ನೋದು, ಅದನ್ನೇ ಓದಿ" ಎಂದರು. ಒಂಬತ್ತು ವಚನಗಳನ್ನು ನಿಧಾನವಾಗಿ ಓದಿದೆ.

ಪ್ರಿಯ ಓದುಗರೇ, ಶುಭಸಂದೇಶಗಳನ್ನು ಓದುವಾಗ ಒಂದು ಇನ್ನೊಂದಕ್ಕೆ ಹೊಂದದ ಕಡೆ ಬಂದರೆ ಗಾಬರಿಯಾಗಬೇಡಿ, ಮುಚ್ಚಿಡಲೂ ಬೇಡಿ. ಪೆನ್ಸಿಲಿನಿಂದ ಗುರುತು ಹಾಕಿಕೊಂಡು ನಿಮ್ಮ ಧರ್ಮಗುರುಗಳನ್ನು ಕೇಳಿರಿ. ಅವರಿಗೆ ತಿಳಿಯದಿದ್ದರೆ ತಿಳಿಯದೆಂದು ಹೇಳುವ ಅವಕಾಶವನ್ನೂ ಅವರಿಗೆ ಕೊಡಿರಿ. ನನ್ನ ಸಹಗುರುಗಳಲ್ಲಿ ಒಂದು ವಿನಂತಿ: ಇಂಥ ಪ್ರಶ್ನೆಯನ್ನು ಹೊತ್ತು ಯಾರಾದರೂ ಬಾಗಿಲ ಬಳಿ ನಿಂತರೆ, ಉತ್ತರ ಹೇಳುವ ಮುನ್ನ ಅವರು ಏಕೆ ಕೇಳುತ್ತಿದ್ದಾರೆಂದು ವಿಚಾರಿಸಿರಿ. ಯಾರಾದರೂ ಕರೆಯಲು ಬಂದಾಗ ಸಭೆ ನಡೆಯುತ್ತಿದ್ದರೆ, ಸಭೆಯನ್ನು ನಿಲ್ಲಿಸಿ ಹೊರಡಿರಿ.